ಮನೆಯ ಹಳೆ ಸಾಮಾನು: ದಿನಾ ಬಳಕೆಗೆ ಬರುವ ಹಾಗೆ ಏನು ಮಾಡಬಹುದು?

ಹಳೆಗೂಡು:

ಎಲ್ಲರಿಗೂ ನಮಸ್ಕಾರ. ಇನ್ನು ಸ್ವಲ್ಪ ದಿನದಲ್ಲಿ ನಾವು ಈಗಿರುವುದಕ್ಕಿಂತ ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಬೀರು, ಅಟ್ಟ, ಮಂಚದ ಕೆಳಗೆ ಎಲ್ಲ ಕಡೆಯಿಂದ ಸಾಮಾನು ತೆಗೆದು ಹರಡಿದ್ದೇನೆ. ನಡು ಸವೆದ ಹತ್ತಿ ಬೆಡ್‌ಶೀಟ್‌ಗಳು, ಮೊಣಕಾಲಲ್ಲಿ ಹರಿದ ಜೀನ್ಸ್, ಬಣ್ಣ ಹೋದ ಟಿ-ಶರ್ಟ್, ಕಡ್ಡಿ ಮುರಿದ ಛತ್ರಿ, ರಾಶಿ ಗಾಜಿನ ಬಾಟಲಿ, ಮುಚ್ಚಳ ಕಳೆದುಹೋದ ಪ್ಲಾಸ್ಟಿಕ್ ಡಬ್ಬಿ, ಹಳೆ ಸಿಡಿ, ಯಾವುದಕ್ಕೆ ಸೇರಿದ್ದೋ ಗೊತ್ತಿಲ್ಲದ ಚಾರ್ಜರ್‌ಗಳು, ಆನ್ ಆಗುವ ಆದರೆ ತುಂಬಾ ನಿಧಾನವಾದ ಲ್ಯಾಪ್‌ಟಾಪ್, ಹಳೆ ಫೋನುಗಳು, ಮುರಿದ ಮೇಜಿನಿಂದ ತೆಗೆದಿಟ್ಟ ಮರದ ಡ್ರಾಯರ್‌ಗಳು. ಎಲ್ಲ ಮನೆಯಲ್ಲೂ ಇರುವಂಥದ್ದೇ ಅಲ್ವಾ.

ಕಸಕ್ಕೆ ಹಾಕಲು ಮನಸ್ಸಿಲ್ಲ, ಎಲ್ಲವನ್ನೂ ಹೊತ್ತುಕೊಂಡು ಹೋಗಲು ಜಾಗವಿಲ್ಲ. ವಿಡಿಯೋಗಳನ್ನು ನೋಡಿದೆ. ಹೆಚ್ಚಿನವು ಬಾಟಲಿಗೆ ಬಣ್ಣ ಬಳಿದು, ದಾರ ಸುತ್ತಿ, ಮಣಿ ಅಂಟಿಸಿ ಶೋಕೇಸಿನಲ್ಲಿಡುವ ಬಗ್ಗೆಯೇ ಇವೆ. ನೋಡಲು ಚೆಂದ, ಮಾಡುವವರ ಕೈಚಳಕಕ್ಕೆ ನನ್ನ ಮೆಚ್ಚುಗೆ ಇದೆ. ಆದರೆ ನನಗೆ ಬೇಕಿರುವುದು ದಿನಾ ಕೈಗೆ ಸಿಕ್ಕಿ ಕೆಲಸಕ್ಕೆ ಬರುವ ವಸ್ತು. ಹೊಲಿಗೆ ಮೆಷಿನ್ ಇದೆ, ನೇರ ಹೊಲಿಗೆ ಹಾಕಲು ಬರುತ್ತದೆ. ಗರಗಸ, ಡ್ರಿಲ್ ಇವೆ. ಎಲೆಕ್ಟ್ರಾನಿಕ್ಸ್ ಏನೂ ಗೊತ್ತಿಲ್ಲ. ಯಾವುದರಿಂದ ಏನು ಮಾಡಬಹುದು, ಯಾವುದರ ತಂಟೆಗೆ ಹೋಗಲೇಬಾರದು ಅಂತ ತಿಳಿದವರು ಹೇಳಿ.

ಸೂಜಿದಾರ:

ಬಟ್ಟೆಯಿಂದ ಶುರು ಮಾಡಿ. ನಿಮ್ಮ ರಾಶಿಯಲ್ಲಿ ಇನ್ನೂ ಹೆಚ್ಚು ಬಾಳಿಕೆ ಉಳಿದಿರುವುದು ಅದರಲ್ಲೇ, ತಪ್ಪಿದರೂ ಏನೂ ಹಾಳಾಗುವುದಿಲ್ಲ.

ಬೆಡ್‌ಶೀಟ್ ಸವೆಯುವುದು ನಾವು ಮಲಗುವ ನಡುಭಾಗದಲ್ಲಿ ಮಾತ್ರ. ಎರಡು ಬದಿಯ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಅದಕ್ಕೆ ಶೀಟನ್ನು ಉದ್ದಕ್ಕೆ ಸರಿಯಾಗಿ ನಡುವೆ ಕತ್ತರಿಸಿ, ಹೊರಗಿದ್ದ ಎರಡು ಅಂಚುಗಳನ್ನು ತಂದು ಒಂದಕ್ಕೊಂದು ಸೇರಿಸಿ ಹೊಲಿಯಿರಿ. ಈಗ ಗಟ್ಟಿ ಬಟ್ಟೆ ನಡುವಿಗೆ ಬಂತು, ಸವೆದದ್ದು ಬದಿಗೆ ಹೋಯಿತು. ತೀರಾ ತೆಳುವಾದ ಭಾಗವನ್ನು ಕತ್ತರಿಸಿ ತೆಗೆದು ಬದಿಗಳನ್ನು ಮಡಚಿ ಹೊಲಿದರೆ ಮುಗಿಯಿತು. ಅಗಲ ಸ್ವಲ್ಪ ಕಡಿಮೆ ಆಗುತ್ತದೆ, ಹಾಗಾಗಿ ದೊಡ್ಡ ಮಂಚದ ಶೀಟು ಒಬ್ಬರ ಮಂಚಕ್ಕೆ ಆಗುತ್ತದೆ ಅಂದುಕೊಳ್ಳಿ. ಜೋಡಿಸುವಾಗ ಅಂಚನ್ನು ಮಡಚಬೇಡಿ, ಒಂದರ ಮೇಲೊಂದು ಅರ್ಧ ಬೆರಳಿನಷ್ಟು ಹೇರಿ ಎರಡು ಸಾಲು ಹೊಲಿಗೆ ಹಾಕಿ. ಆಗ ಮಲಗಿದಾಗ ಒತ್ತುವುದಿಲ್ಲ. ಬ್ರಿಟನ್ನಿನಲ್ಲಿ 1941ರಿಂದ 1949ರವರೆಗೆ ಬಟ್ಟೆಗೆ ರೇಷನ್ ಇತ್ತು, ಆಗ ಮನೆಮನೆಯಲ್ಲೂ ಶೀಟುಗಳನ್ನು ಹೀಗೆ ತಿರುಗಿಸಿ ಹೊಲಿಯುತ್ತಿದ್ದರು. ನೇರ ಹೊಲಿಗೆ ಬಂದರೆ ಸಾಕು, ನಿಮಗೆ ಇದು ಸುಲಭ.

ಟಿ-ಶರ್ಟ್ ವಿಷಯಕ್ಕೆ ಬಂದರೆ, ಮೊದಲು ಅದು ಹತ್ತಿಯದೋ ಪಾಲಿಯೆಸ್ಟರಿನದೋ ನೋಡಿ. ಲೇಬಲ್ ಅಳಿಸಿಹೋಗಿದ್ದರೆ ಒಂದು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಪಕ್ಕದಲ್ಲಿ ನೀರಿಟ್ಟುಕೊಂಡು ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಈ ವ್ಯತ್ಯಾಸ ಯಾಕೆ ಮುಖ್ಯ ಅಂದರೆ ನೀರು ಹೀರುವುದು ಹತ್ತಿ ಮಾತ್ರ. ಪಾಲಿಯೆಸ್ಟರ್ ಬಟ್ಟೆಯನ್ನು ಒರೆಸುವ ಬಟ್ಟೆ ಮಾಡಿದರೆ ಅದು ನೀರನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತದೆ ಅಷ್ಟೇ. ಹತ್ತಿ ಟಿ-ಶರ್ಟನ್ನು ನೇರವಾಗಿ ಅಂಗೈ ಅಗಲದ ಚೌಕಗಳಾಗಿ ಕತ್ತರಿಸಿ ಒಂದು ಡಬ್ಬಿಯಲ್ಲಿಡಿ. ಪೇಪರ್ ಟವೆಲ್ ಕೊಳ್ಳುವುದು ತಾನಾಗಿ ನಿಲ್ಲುತ್ತದೆ. ಅಂಚು ಹೊಲಿಯುವುದೂ ಬೇಡ, ಆ ಬಟ್ಟೆ ಎಳೆ ಬಿಡುವುದಿಲ್ಲ.

ಉಳಿದ ಟಿ-ಶರ್ಟ್‌ಗಳನ್ನು ಹಗ್ಗ ಮಾಡಿ. ಕಂಕುಳ ಕೆಳಗಿನ ಭಾಗವನ್ನು ಕೊಳವೆಯಂತೆ ಕತ್ತರಿಸಿಕೊಂಡು, ಅಂಚಿನಿಂದ ಶುರು ಮಾಡಿ ಎರಡು ಮೂರು ಸೆಂಟಿಮೀಟರ್ ಅಗಲಕ್ಕೆ ಸುತ್ತುತ್ತಾ ಕತ್ತರಿಸಿದರೆ ಎಲ್ಲೂ ತುಂಡಾಗದ ಒಂದೇ ಉದ್ದ ಪಟ್ಟಿ ಸಿಗುತ್ತದೆ. ಎಳೆದರೆ ಅದು ತಾನಾಗಿ ಒಳಕ್ಕೆ ಸುರುಳಿ ಸುತ್ತಿಕೊಂಡು ದಪ್ಪ ದಾರದ ಹಾಗಾಗುತ್ತದೆ. ಮೂರು ಎಳೆಯ ಜಡೆ ಹೆಣೆದು, ನಡುವಿನಿಂದ ಸುತ್ತಾಗಿ ಸುತ್ತಿ ಸೂಜಿಯಲ್ಲಿ ಹೊಲಿದರೆ ಬಾಗಿಲ ಬಳಿಯ ಮ್ಯಾಟ್ ಆಗುತ್ತದೆ. ಗಿಡಗಳನ್ನು ಕೋಲಿಗೆ ಕಟ್ಟಲೂ ಇದು ಒಳ್ಳೆಯದು, ಮೆತ್ತಗಿರುವುದರಿಂದ ಕಾಂಡ ಕೊರೆಯುವುದಿಲ್ಲ.

ಜೀನ್ಸ್‌ನಲ್ಲಿ ಮೊಣಕಾಲ ಕೆಳಗಿನ ಹಿಂಭಾಗ ಸಾಮಾನ್ಯವಾಗಿ ಹೊಸದರಂತೆಯೇ ಇರುತ್ತದೆ. ಚೀಲಕ್ಕೆ ಅದೇ ಬಟ್ಟೆ ತೆಗೆದುಕೊಳ್ಳಿ. ಒಳಗಾಲಿನ ದಪ್ಪ ಹೊಲಿಗೆಯ ಪಟ್ಟಿಯನ್ನು ಹಾಗೇ ಕತ್ತರಿಸಿದರೆ ಚೀಲದ ಹಿಡಿ ಸಿದ್ಧ. ಮೆಷಿನ್‌ಗೆ 16ನೇ ನಂಬರ್ ಸೂಜಿ ಹಾಕಿ, ಮಾಮೂಲಿ ಸೂಜಿ ಮುರಿಯುತ್ತದೆ. ಯಾವುದೇ ಬಟ್ಟೆಗೆ ಕತ್ತರಿ ಹಾಕುವ ಮೊದಲು ಗುಂಡಿ, ಜಿಪ್, ಹುಕ್ಕು ಬಿಚ್ಚಿಟ್ಟುಕೊಳ್ಳಿ.

ಛತ್ರಿಯ ಬಟ್ಟೆಯನ್ನು ಬಿಸಾಡಬೇಡಿ ದಯವಿಟ್ಟು. ಕಡ್ಡಿಗಳಿಗೆ ಹಾಕಿದ ಹೊಲಿಗೆ ಮಾತ್ರ ಬಿಚ್ಚಿದರೆ ಇಡೀ ಬಟ್ಟೆ ಒಂದೇ ತುಂಡಾಗಿ ಬರುತ್ತದೆ. ಅಂಚಿಗೆ ಎಲಾಸ್ಟಿಕ್ ಹಾಕಿ ಹೊಲಿದರೆ ಬ್ಯಾಗಿಗೆ ಮಳೆ ಹೊದಿಕೆ, ಸೈಕಲ್ ಸೀಟಿಗೆ ಹೊದಿಕೆ. ಹೊಲಿಗೆಯ ರಂಧ್ರದಿಂದ ಸ್ವಲ್ಪ ನೀರು ಬರಬಹುದು, ಒಳಬದಿಗೆ ಮೇಣದ ತುಂಡು ಉಜ್ಜಿದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಹಿತ್ತಿಲಗಿಡ:

ಸೂಜಿದಾರ ಅವರು ಬಟ್ಟೆ ಮುಗಿಸಿದ್ದಾರೆ, ನಾನು ಗಾಜು ಮತ್ತು ಪ್ಲಾಸ್ಟಿಕ್ ಹೇಳುತ್ತೇನೆ.

ಗಾಜಿನ ಬಾಟಲಿಗೆ ಬಣ್ಣ ಬಳಿಯಬೇಡಿ, ಏನನ್ನೂ ಅಂಟಿಸಬೇಡಿ. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಬರೀ ಗಾಜಾಗಿದ್ದಾಗ ಅದನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಾಟಲಿ ಮಾಡಬಹುದು, ಗುಣ ಕಡಿಮೆ ಆಗುವುದಿಲ್ಲ. ಅದರ ಮೇಲೆ ಅಂಟು, ದಾರ, ಥರ್ಮಾಕೋಲ್, ಮಣಿ ಎಲ್ಲ ಕೂಡಿದ ಮೇಲೆ ಬಿಡಿಸುವವರು ಯಾರು? ಒಂದೆರಡು ವರ್ಷ ಕಪಾಟಿನಲ್ಲಿದ್ದು ಕೊನೆಗೆ ಯಾವುದಕ್ಕೂ ಆಗದ ಕಸವಾಗುತ್ತದೆ. ಎರಡು ಬೇರೆ ಬೇರೆ ವಸ್ತುವನ್ನು ಸೇರಿಸುವುದಿದ್ದರೆ ಕಟ್ಟಿ, ಸ್ಕ್ರೂ ಹಾಕಿ, ಸಿಕ್ಕಿಸಿ. ನಾಳೆ ಬಿಚ್ಚಲು ಬರುವಂತಿರಲಿ. ನನ್ನ ಮಟ್ಟಿಗೆ ಹಳೆ ಸಾಮಾನಿನಿಂದ ಏನೇ ಮಾಡುವಾಗಲೂ ಮೊದಲು ನೋಡಬೇಕಾದದ್ದು ಇದೇ.

ಅಗಲ ಬಾಯಿಯ, ಗಟ್ಟಿ ಮುಚ್ಚಳ ಇರುವ ಬಾಟಲಿಗಳನ್ನು ಮಾತ್ರ ಇಟ್ಟುಕೊಳ್ಳಿ. ಒಂದೇ ಅಳತೆಯವು ಸಿಕ್ಕರೆ ಇನ್ನೂ ಒಳ್ಳೆಯದು, ಕಪಾಟಿನಲ್ಲಿ ಚೆನ್ನಾಗಿ ಕೂರುತ್ತವೆ. ಲೇಬಲ್ ತೆಗೆಯಲು ಬಿಸಿ ನೀರಿನಲ್ಲಿ ನೆನೆಸಿ, ಕಾಗದ ಸುಲಿದ ಮೇಲೂ ಉಳಿದ ಅಂಟಿಗೆ ಅಡುಗೆ ಸೋಡಾ ಮತ್ತು ಎಣ್ಣೆ ಸಮ ಕಲಸಿ ಹಚ್ಚಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ತಣ್ಣಗಿರುವ ಬಾಟಲಿಗೆ ಕುದಿಯುವುದನ್ನು ಸುರಿಯಬೇಡಿ, ಬಿರುಕು ಬಿಡುತ್ತದೆ. ಸಣ್ಣ ಬಾಟಲಿಯ ಮುಚ್ಚಳವನ್ನು ಕಪಾಟಿನ ಹಲಗೆಯ ಕೆಳಬದಿಗೆ ಎರಡು ಸ್ಕ್ರೂನಿಂದ ಕೂರಿಸಿ ಬಾಟಲಿಯನ್ನು ಕೆಳಗಿನಿಂದ ತಿರುಗಿಸಿದರೆ ಮೊಳೆ, ಸ್ಕ್ರೂ, ಗುಂಡಿ ಇಡಲು ಜಾಗವೇ ಬೇಡ, ಒಳಗಿರುವುದು ಕಾಣುತ್ತಲೂ ಇರುತ್ತದೆ. ಚಿಕ್ಕ ಮನೆಗೆ ಇದು ನಿಜವಾಗಿ ಉಪಯೋಗ.

ದಾರಕ್ಕೆ ಬೆಂಕಿ ಹಚ್ಚಿ ಬಾಟಲಿ ಕತ್ತರಿಸುವ ವಿಡಿಯೋ ನೀವು ನೋಡಿಯೇ ಇರುತ್ತೀರಿ. ಮಾಡಬೇಡಿ. ಬಿರುಕು ಎಲ್ಲಿಗೆ ಓಡುತ್ತದೆ ಅಂತ ಹೇಳಲು ಬರುವುದಿಲ್ಲ, ಅಂಚು ಬ್ಲೇಡಿನ ಹಾಗಿರುತ್ತದೆ. ಒಡೆದ ಕುಡಿಯುವ ಲೋಟ, ಕನ್ನಡಿ, ಶಾಖ ತಡೆಯುವ ಗಾಜಿನ ಪಾತ್ರೆ ಇವುಗಳನ್ನು ಬಾಟಲಿಗಳ ಜೊತೆ ಮರುಬಳಕೆಗೆ ಹಾಕಬಾರದು. ಅವು ಬೇರೆ ಬಗೆಯ ಗಾಜು, ಕರಗುವ ಶಾಖವೂ ಬೇರೆ, ಸ್ವಲ್ಪ ಸೇರಿದರೂ ಹೊಸ ಬಾಟಲಿ ದುರ್ಬಲವಾಗುತ್ತದೆ.

ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 1988ರಲ್ಲಿ ಬಂದ ಪದ್ಧತಿ ಅದು. ಆ ಗುರುತು ಇದ್ದ ಮಾತ್ರಕ್ಕೆ ಮರುಬಳಕೆ ಆಗಿಯೇ ಆಗುತ್ತದೆ ಅಂತ ಅರ್ಥವಲ್ಲ, ಯಾವ ಬಗೆಯ ಪ್ಲಾಸ್ಟಿಕ್ ಅಂತ ಹೇಳುತ್ತದೆ ಅಷ್ಟೇ. 2 ಮತ್ತು 5 ಇದ್ದರೆ ಗಟ್ಟಿ, ಡ್ರಿಲ್ ಹಾಕಿದರೂ ಸಾಮಾನ್ಯವಾಗಿ ಒಡೆಯುವುದಿಲ್ಲ. ತಳಕ್ಕೆ ತೂತು ಮಾಡಿದರೆ ಗಿಡದ ಕುಂಡ ಆಗುತ್ತದೆ. 1 ಅಂದರೆ ನೀರಿನ ಬಾಟಲಿಯ ಪ್ಲಾಸ್ಟಿಕ್, 70 ಡಿಗ್ರಿ ಶಾಖದ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬಿಸಿಯದ್ದನ್ನು ಹಾಕಬೇಡಿ. 3 ಮತ್ತು 6 ಇರುವುದನ್ನು ಊಟದ ಪದಾರ್ಥಕ್ಕೆ ಮತ್ತೆ ಬಳಸಬೇಡಿ. ಫಿನಾಯಿಲ್, ಆಸಿಡ್, ಕೀಟನಾಶಕ ಇದ್ದ ಡಬ್ಬಿ ಎಷ್ಟು ತೊಳೆದರೂ ಅಡುಗೆಮನೆಗೆ ಬೇಡವೇ ಬೇಡ.

ಮುಚ್ಚಳ ಇಲ್ಲದ ಡಬ್ಬಿಗಳನ್ನು ಡ್ರಾಯರ್ ಒಳಗೆ ಸಾಲಾಗಿ ಇಡಿ. ಕಾಲುಚೀಲ, ಔಷಧಿ, ಪೆನ್ನು, ಬ್ಯಾಟರಿ ಎಲ್ಲಕ್ಕೂ ಒಂದೊಂದು ಮನೆ ಆಯಿತು. ಅವುಗಳಿಗೆ ಬೇರೆ ಏನೂ ಮಾಡಬೇಕಾಗಿಲ್ಲ.

ಒಂದು ಬಾಟಲಿ ಕುಂಡ ಹೇಳಿಬಿಡುತ್ತೇನೆ. ದೊಡ್ಡ ನೀರಿನ ಬಾಟಲಿಯನ್ನು ನಡುವೆ ಕತ್ತರಿಸಿ, ಕತ್ತಿನ ಭಾಗವನ್ನು ತಲೆಕೆಳಗು ಮಾಡಿ ತಳದ ಭಾಗದೊಳಗೆ ಕೂರಿಸಿ. ಬಾಯಿಯಿಂದ ಒಂದು ಬಟ್ಟೆಯ ಪಟ್ಟಿ ಕೆಳಗಿನ ನೀರಿಗೆ ಇಳಿಯಲಿ, ಮೇಲೆ ಮಣ್ಣು ಮತ್ತು ಗಿಡ. ನೀರು ಬಟ್ಟೆಯ ಮೂಲಕ ಮೇಲೇರುತ್ತದೆ. ಸೂಜಿದಾರ ಅವರು ಒರೆಸಲು ಬೇಡ ಅಂದ ಪಾಲಿಯೆಸ್ಟರ್ ಪಟ್ಟಿ ಇಲ್ಲಿ ಸರಿಯಾಗಿ ಹೊಂದುತ್ತದೆ. ಎಳೆಗಳ ಸಂದಿಯಲ್ಲಿ ನೀರು ಏರುತ್ತದೆ, ಹತ್ತಿಯಂತೆ ಬೇಗ ಕೊಳೆಯುವುದಿಲ್ಲ. ಕೆಳಭಾಗಕ್ಕೆ ಕಪ್ಪು ಬಟ್ಟೆ ಸುತ್ತಿ, ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಬಿಸಿಲಿನಲ್ಲಿ ಪ್ಲಾಸ್ಟಿಕ್ ಕಾಲಕ್ರಮೇಣ ಪುಡಿಯಾಗುತ್ತದೆ. ಪೆಡಸಾಗತೊಡಗಿದ ಕೂಡಲೇ ತೆಗೆದುಬಿಡಿ, ಚೂರು ಮಣ್ಣಿಗೆ ಸೇರಬಾರದು.

ಸಿಡಿಗಳನ್ನು ದಾರಕ್ಕೆ ಕಟ್ಟಿ ಗಿಡಗಳ ನಡುವೆ ತೂಗುಬಿಟ್ಟರೆ ಹೊಳಪಿಗೆ ಹಕ್ಕಿಗಳು ದೂರ ಇರುತ್ತವೆ. ಅವಕ್ಕೆ ಬೇಗ ಅಭ್ಯಾಸ ಆಗುತ್ತದೆ, ಆಗಾಗ ಜಾಗ ಬದಲಿಸಿ. ನೇತುಹಾಕುವ ಮೊದಲು ಅದರಲ್ಲಿ ಫೋಟೋ ಏನಾದರೂ ಇದೆಯಾ ನೋಡಿಕೊಳ್ಳಿ.

ಸ್ಕ್ರೂಡ್ರೈವರ್:

ಎಲೆಕ್ಟ್ರಾನಿಕ್ಸ್ ಬಗ್ಗೆ ನಾನು ಹೇಳುತ್ತೇನೆ. ಮುಟ್ಟಬಾರದ್ದನ್ನು ಮೊದಲು ಹೇಳಿಬಿಡುತ್ತೇನೆ. ಹಳೆ ದಪ್ಪ ಟಿವಿ ಮತ್ತು ಮೈಕ್ರೋವೇವ್ ಬಿಚ್ಚಬೇಡಿ. ಪ್ಲಗ್ ತೆಗೆದಿದ್ದರೂ ಒಳಗಿನ ಕೆಪಾಸಿಟರ್‌ನಲ್ಲಿ, ಅಂದರೆ ಕರೆಂಟ್ ಹಿಡಿದಿಡುವ ಭಾಗದಲ್ಲಿ, ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಉಬ್ಬಿದ ಬ್ಯಾಟರಿಯನ್ನು ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಮಾಡಬೇಡಿ, ಬೆಂಕಿ ಹಿಡಿಯುತ್ತದೆ. ಬಿಡಿ ಲಿಥಿಯಂ ಬ್ಯಾಟರಿಗಳ ತುದಿಗೆ ಟೇಪ್ ಹಚ್ಚಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಸುರುಳಿಯಾಕಾರದ ಹಳೆ ಸಿಎಫ್‌ಎಲ್ ಬಲ್ಬ್ ಇದ್ದರೆ ಅದರಿಂದಲೂ ಏನನ್ನೂ ಮಾಡಬೇಡಿ, ಒಳಗೆ ಪಾದರಸ ಇದೆ.

ಲ್ಯಾಪ್‌ಟಾಪ್ ನಿಧಾನ ಅಂದಿರಿ. ಅದರಲ್ಲಿ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಬಹುಶಃ ಅದೇ ಕಾರಣ. ಅದರ ಬದಲು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್ ಆದ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಅನ್ನುವ ಹಗುರವಾದ ಆಪರೇಟಿಂಗ್ ಸಿಸ್ಟಮ್ ಹಾಕಿಸಿದರೆ ಓದಲು, ಬರೆಯಲು, ವಿಡಿಯೋ ನೋಡಲು ಇನ್ನೂ ವರ್ಷಗಟ್ಟಲೆ ನಡೆಯುತ್ತದೆ. ತೆಗೆದ ಹಾರ್ಡ್‌ಡಿಸ್ಕನ್ನು ಒಂದು ಯುಎಸ್‌ಬಿ ಕೇಸಿಗೆ ಹಾಕಿದರೆ ಫೋಟೋಗಳ ಎರಡನೇ ಪ್ರತಿ ಇಡಲು ಹೊರಗಿನ ಡಿಸ್ಕ್ ಆಯಿತು. ಮದರ್‌ಬೋರ್ಡ್ ಸತ್ತ ಲ್ಯಾಪ್‌ಟಾಪ್ ಆಗಿದ್ದರೂ ಪರದೆಯ ಹಿಂದಿನ ಮಾಡೆಲ್ ನಂಬರಿಗೆ ಹೊಂದುವ, ಪರದೆಯನ್ನು ನಡೆಸುವ ಕಂಟ್ರೋಲರ್ ಬೋರ್ಡ್ ಸಿಗುತ್ತದೆ, ಅದರಿಂದ ಅದು ಮಾನಿಟರ್ ಆಗುತ್ತದೆ. ಆದರೆ ನಿಮ್ಮದು ಆನ್ ಆಗುತ್ತಿದೆ, ಹಾಗಾಗಿ ಬಿಚ್ಚುವ ಮಾತೇ ಬೇಡ.

ಫೋನುಗಳನ್ನು ಯಾರಿಗಾದರೂ ಕೊಡುವುದಾದರೆ ಮೊದಲು ಖಾತೆಯಿಂದ ಲಾಗೌಟ್ ಮಾಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಈ ಕ್ರಮ ತಪ್ಪಿದರೆ ಪಡೆದವರಿಗೆ ಫೋನ್ ಲಾಕ್ ಆಗಿಬಿಡಬಹುದು. ನೀವೇ ಇಟ್ಟುಕೊಂಡರೆ ಹಾಡು ಕೇಳಲು, ಪುಸ್ತಕ ಓದಲು, ಬಾಗಿಲ ಬಳಿ ಕ್ಯಾಮೆರಾ ಮಾಡಲು ಬಳಸಿ. ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಇಡಬೇಡಿ. ಇಡೀ ದಿನ ಚಾರ್ಜರ್‌ನಲ್ಲೇ ಬಿಟ್ಟರೆ ಬ್ಯಾಟರಿ ಉಬ್ಬುವ ಅಪಾಯ ಜಾಸ್ತಿ, ಆಗಾಗ ಮುಟ್ಟಿ ನೋಡುತ್ತಿರಿ.

ಚಾರ್ಜರ್‌ಗಳ ಮೇಲೆ ಸಣ್ಣ ಅಕ್ಷರದಲ್ಲಿ ಔಟ್‌ಪುಟ್ ಬರೆದಿರುತ್ತದೆ. ವೋಲ್ಟ್ ಉಪಕರಣಕ್ಕೆ ಬೇಕಾದಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದ್ದರೂ ನಡೆಯುತ್ತದೆ. ದುಂಡು ಪಿನ್ ಇದ್ದರೆ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನುವ ಚಿತ್ರವನ್ನೂ ಹೊಂದಿಸಿ ನೋಡಿ. 12 ವೋಲ್ಟಿನ ಹಳೆ ಅಡಾಪ್ಟರ್ ಸಿಕ್ಕರೆ ಕಪಾಟಿನೊಳಗೆ ಎಲ್‌ಇಡಿ ಪಟ್ಟಿ ಉರಿಸಬಹುದು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಯಾವುದಕ್ಕೂ ಹೊಂದದ್ದನ್ನು ಇ-ತ್ಯಾಜ್ಯಕ್ಕೆ ಕೊಡಿ, ಮಾಮೂಲಿ ಕಸಕ್ಕಲ್ಲ. ವಿಶ್ವಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋಗಿದ್ದಕ್ಕೆ ದಾಖಲೆ ಇರುವುದು ಶೇ 22.3 ಮಾತ್ರ. ಡ್ರಾಯರ್ ಮೂಲೆಯಲ್ಲಿ ಸುಮ್ನೆ ಬಿದ್ದಿರುವ ಫೋನಿನಲ್ಲೂ ತಾಮ್ರ, ಚಿನ್ನ, ಕೋಬಾಲ್ಟ್ ಇವೆ. ಅದು ಮರುಬಳಕೆಗೆ ಹೋಗದಿದ್ದರೆ ಅವನ್ನು ಮತ್ತೆ ಭೂಮಿಯಿಂದ ಅಗೆಯಬೇಕಾಗುತ್ತದೆ.

ಕೊಡುಕೊಳ್ಳು:

ಮೇಲಿನ ಎಲ್ಲರೂ ಚೆನ್ನಾಗಿ ಹೇಳಿದ್ದಾರೆ. ಆದರೆ ಒಂದು ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಬಾಟಲಿಗಳಲ್ಲಿ ಒಳ್ಳೆಯವನ್ನೆಲ್ಲ ಇಟ್ಟುಕೊಳ್ಳಿ ಅನ್ನುವ ಹಾಗೆ ಹಿತ್ತಿಲಗಿಡ ಅವರು ಬರೆದಿದ್ದಾರೆ. ಚಿಕ್ಕ ಮನೆಗೆ ಹೋಗುವವರು ಮೊದಲು ತಮಗೆ ಏನು ಬೇಕು ಅಂತ ಬರೆದುಕೊಳ್ಳಬೇಕು. ಬಾಗಿಲಿಗೆ ಮ್ಯಾಟ್ ಬೇಕು, ಒರೆಸುವ ಬಟ್ಟೆ ಬೇಕು, ಮಂಚದ ಕೆಳಗೆ ಪೆಟ್ಟಿಗೆ ಬೇಕು, ಹೀಗೆ. ಆಮೇಲೆ ಆ ಪಟ್ಟಿ ಹಿಡಿದು ರಾಶಿಯ ಹತ್ತಿರ ಹೋಗಿ. ರಾಶಿಯನ್ನು ನೋಡಿ ಇದರಿಂದ ಏನು ಮಾಡಲಿ ಅಂತ ಯೋಚಿಸಿದರೆ ಬೇಡದ ವಸ್ತು ಇನ್ನೊಂದು ಬೇಡದ ವಸ್ತುವಾಗುತ್ತದೆ.

ಕೆಲಸ ಮಾಡುತ್ತಿರುವುದನ್ನು ಕತ್ತರಿಸಬೇಡಿ, ಕೊಟ್ಟುಬಿಡಿ. ಯಾವ ಮರುಬಳಕೆಗಿಂತಲೂ ಅದು ಮೇಲು, ಯಾಕೆಂದರೆ ಇನ್ನೊಬ್ಬರು ಹೊಸದನ್ನು ಕೊಳ್ಳುವುದು ತಪ್ಪುತ್ತದೆ. ಬೇಡದ್ದನ್ನು ಪುಕ್ಕಟೆ ಕೊಡುವ ಫ್ರೀಸೈಕಲ್ ಗುಂಪು 2003ರಲ್ಲಿ ಅಮೆರಿಕದ ಟೂಸಾನ್ ಊರಿನಲ್ಲಿ ಬರೀ ಇಮೇಲ್‌ಗಳಿಂದ ಶುರುವಾಯಿತು. ಇವತ್ತು ಅಂಥ ಗುಂಪುಗಳು ಎಷ್ಟೋ ಕಡೆ ಇವೆ. ಇಲ್ಲದ ಕಡೆ ಅಕ್ಕಪಕ್ಕದ ಮನೆಗಳವರ ಒಂದು ಮೆಸೇಜ್ ಗ್ರೂಪ್ ಸಾಕು. ಕೊಡುವಾಗ ಇರುವುದನ್ನು ಇದ್ದ ಹಾಗೆ ಬರೆಯಿರಿ, 'ಹಿಡಿ ಸಡಿಲ ಇದೆ', 'ಬ್ಯಾಟರಿ ಒಂದು ಗಂಟೆ ಬರುತ್ತದೆ' ಅಂತ. ತೊಳೆದು ಕೊಡಿ. ನಮ್ಮ ಕಸವನ್ನು ಇನ್ನೊಬ್ಬರ ಮನೆಗೆ ಸಾಗಿಸುವುದು ದಾನ ಅಲ್ಲ.

ಕೆಟ್ಟದ್ದನ್ನು ರಿಪೇರಿ ಮಾಡಲು ಬರದಿದ್ದರೆ ರಿಪೇರ್ ಕೆಫೆ ಹುಡುಕಿ ನೋಡಿ. 2009ರ ಅಕ್ಟೋಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮಾರ್ಟೀನ್ ಪೋಸ್ಟ್‌ಮಾ ಇದನ್ನು ಶುರು ಮಾಡಿದರು. ಕೈಕೆಲಸ ಬಲ್ಲವರು ಒಂದು ಕಡೆ ಕೂತಿರುತ್ತಾರೆ, ನೀವು ಕೆಟ್ಟ ವಸ್ತು ತಂದು ಅವರ ಪಕ್ಕದಲ್ಲೇ ಕೂತು ಸರಿ ಮಾಡುವುದನ್ನು ಕಲಿಯುತ್ತೀರಿ. ನಿಮ್ಮಂತೆ ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹರಿದ ಟವೆಲ್, ಹಳೆ ಹೊದಿಕೆಗಳನ್ನು ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವವರು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಮೊದಲೇ ಕೇಳಿ ಕೊಡಿ.

ಹಿತ್ತಿಲಗಿಡ:

ಪಟ್ಟಿಯ ಮಾತು ಸರಿ, ಒಪ್ಪುತ್ತೇನೆ. ಬಾಟಲಿಯೂ ಕಪಾಟಿನಲ್ಲಿ ಹಿಡಿಯುವಷ್ಟೇ ಇರಲಿ.

ಹಳೆಗೂಡು:

ಇಷ್ಟೊಂದು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಲ್ಯಾಪ್‌ಟಾಪ್‌ನಲ್ಲಿ ತಿರುಗುವ ಡಿಸ್ಕೇ ಇದೆ, ಕಿವಿ ಇಟ್ಟರೆ ಸದ್ದು ಕೇಳುತ್ತದೆ. ಅದನ್ನು ಬದಲಾಯಿಸುತ್ತೇನೆ. ಮಂಚದ ಕೆಳಗಿನ ಪೆಟ್ಟಿಗೆ ಅಂದಿರಲ್ಲ, ಮರದ ಡ್ರಾಯರ್‌ಗಳಿಗೆ ಚಕ್ರ ಹಾಕಿದರೆ ಆಗುತ್ತದಾ? ತಳ ತುಂಬಾ ತೆಳು ಹಲಗೆ. ಒಂದಕ್ಕೆ ಹಳೆಯ ಬಣ್ಣ ಬೇರೆ ಇದೆ, ಸಿಪ್ಪೆ ಏಳುತ್ತಿದೆ.

ಉಳಿಬಾಚಿ:

ಚಕ್ರ ಹಾಕಬಹುದು, ಆದರೆ ತಳಕ್ಕೆ ನೇರವಾಗಿ ಬೇಡ. ಡ್ರಾಯರ್ ತಳ ಸಾಮಾನ್ಯವಾಗಿ ಬದಿಯ ಹಲಗೆಗಳಲ್ಲಿ ಕೊರೆದ ಸಂದಿಯಲ್ಲಿ ಸಿಕ್ಕಿಸಿದ್ದಿರುತ್ತದೆ, ಸ್ಕ್ರೂ ಹಿಡಿಯುವಷ್ಟು ದಪ್ಪ ಇರುವುದಿಲ್ಲ. ಆ ಮುರಿದ ಮೇಜಿನ ಕಾಲು ಅಥವಾ ಪಟ್ಟಿ ಉಳಿದಿದ್ದರೆ ಎರಡು ತುಂಡು ಕತ್ತರಿಸಿ, ಡ್ರಾಯರ್ ಕೆಳಗೆ ಅಡ್ಡಡ್ಡ ಇಟ್ಟು ಬದಿಯ ಹಲಗೆಗಳಿಗೆ ಸ್ಕ್ರೂ ಹಾಕಿ. ಚಕ್ರ ಆ ಪಟ್ಟಿಗೆ ಬರಲಿ. ತಳಕ್ಕೂ ಅದೇ ಆಸರೆ ಆಗುತ್ತದೆ. ಮಂಚದ ಕೆಳಗಿನ ಎತ್ತರ ಅಳೆಯುವಾಗ ಡ್ರಾಯರ್, ಪಟ್ಟಿ, ಚಕ್ರ ಮೂರನ್ನೂ ಕೂಡಿಸಿ.

ಮರ ನಿಜವಾದದ್ದೋ ಅಂತ ಕತ್ತರಿಸಿದ ಅಂಚಿನಲ್ಲಿ ನೋಡಿ. ಎಳೆ ಕಂಡರೆ ಮರ, ಪುಡಿ ಒತ್ತಿದ ಹಾಗೆ ಕಂಡರೆ ಪಾರ್ಟಿಕಲ್ ಬೋರ್ಡ್. ಅದು ನೀರು ಕುಡಿದರೆ ಉಬ್ಬಿ ಉದುರುತ್ತದೆ, ಹಾಗಾಗಿ ಗಿಡ ನೆಡಲು ಬಳಸಬೇಡಿ, ಒಳಗೆ ಒಣಗಿದ ಜಾಗದಲ್ಲಿ ಮಾತ್ರ ಇರಲಿ. ಸ್ಕ್ರೂ ತೂತು ಸಡಿಲವಾಗಿದ್ದರೆ ಕಡ್ಡಿಪೆಟ್ಟಿಗೆಯ ಕಡ್ಡಿಗಳ ಮದ್ದು ತೆಗೆದು, ಮರದ ಗೋಂದು ಹಚ್ಚಿ ತೂತಿಗೆ ತುಂಬಿ, ಒಣಗಿದ ಮೇಲೆ ಮೇಲಿನ ಭಾಗ ಕತ್ತರಿಸಿ ಮತ್ತೆ ಸ್ಕ್ರೂ ಹಾಕಿ. ಹೊಸದರಷ್ಟೇ ಹಿಡಿಯುತ್ತದೆ.

ಬಣ್ಣದ ವಿಷಯದಲ್ಲಿ ಹುಷಾರು. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅದನ್ನು ಒಣಗಿದ್ದಾಗ ಉಪ್ಪುಕಾಗದದಲ್ಲಿ ಉಜ್ಜಿದರೆ ಧೂಳು ಮನೆಯೆಲ್ಲ ಹರಡುತ್ತದೆ, ಮಕ್ಕಳ ಮಿದುಳಿಗೆ ಅದು ತುಂಬಾ ಕೆಟ್ಟದ್ದು. ಬಣ್ಣ ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೆ ಆ ಡ್ರಾಯರನ್ನು ಬಿಟ್ಟುಬಿಡಿ. ಅದರ ಹಿಡಿ, ಸ್ಕ್ರೂಗಳನ್ನು ಮಾತ್ರ ಬಿಚ್ಚಿಕೊಂಡು ಉಳಿದವಕ್ಕೆ ಹಾಕಿ. ಸೌದೆಯಾಗಿಯೂ ಸುಡಬೇಡಿ, ಹೊಗೆಯಲ್ಲೂ ಸೀಸ ಬರುತ್ತದೆ. ಉಳಿದ ಡ್ರಾಯರ್‌ಗಳ ಅಳತೆ ಇಲ್ಲಿ ಹಾಕಿ, ಎಷ್ಟು ದೊಡ್ಡ ಚಕ್ರ ಬೇಕು ಅಂತ ಹೇಳುತ್ತೇನೆ.